ಮರದ ಕುಂಡಕ್ಕೆ ತುಕ್ಕಿನ ಬಣ್ಣ

ಮಾನ್ಯ ಸಂಪಾದಕರೇ,

ಹಳೆಯ ಕಬ್ಬಿಣದಂತೆ ಕಾಣುವ ಮರದ ಹೂಕುಂಡಗಳನ್ನು ಈಗ ಜಗುಲಿಗೆ ಮಾಡಿಸುವವರಿದ್ದಾರೆ. ಹೊರಗಿನ ಬಣ್ಣದ ಮೇಲಷ್ಟೇ ಕಣ್ಣು. ಆದರೆ ಕುಂಡ ಕೊಳೆಯುವುದು ಒಳಗಿನಿಂದ.

ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆಗೆ 12 ಮಿ.ಮೀ. ಮರೀನ್ ಪ್ಲೈವುಡ್ (ನೀರು ತಾಳುವ ಪ್ಲೈವುಡ್) ಸಾಕು. ಮೂಲೆಗಳಿಗೆ ಒಳಗಿನಿಂದ ಒಂದು ಇಂಚಿನ ರೀಪು, ನೀರು ತಡೆಯುವ ಅಂಟು, ಸ್ಟೀಲ್ ಸ್ಕ್ರೂ. ಕೊಯ್ದ ಅಂಚುಗಳೇ ಹೆಚ್ಚು ನೀರು ಹೀರುವುದರಿಂದ ಅಲ್ಲಿ ಪ್ರೈಮರ್ ಎರಡು ಕೋಟು ಬೇಕು. ತಳಕ್ಕೆ ಅರ್ಧ ಇಂಚಿನ ಐದು ತೂತು. ಮಣ್ಣನ್ನು ನೇರ ತುಂಬದೆ ಒಳಗೊಂದು ಪ್ಲಾಸ್ಟಿಕ್ ಕುಂಡ ಇಳಿಸಿ. ಗೆದ್ದಲಿಗೆ ಹೆದರಿ ಇಟ್ಟಿಗೆ ಚೂರುಗಳ ಮೇಲೆ ನಿಲ್ಲಿಸಿ.

ಬಣ್ಣಕ್ಕೆ ಮೊದಲು ಹೊಳಪಿಲ್ಲದ ಕಪ್ಪುಗಂದು ಅಕ್ರಿಲಿಕ್. ಅದು ಹಸಿಯಿರುವಾಗಲೇ ಸೋಸಿದ ಸಣ್ಣ ಮರಳು ಉದುರಿಸಿ, ಒಣಗಿದ ಮೇಲೆ ರೆಡ್ ಆಕ್ಸೈಡ್ ಬೆರೆಸಿದ ಕಂದು ಬಣ್ಣವನ್ನು ಸ್ಪಂಜಿನಿಂದ ಒತ್ತಬೇಕು. ತುಕ್ಕಿನ ಬಣ್ಣ ಯಾವುದೆಂದು ಬಳ್ಳಾರಿಯವರಿಗೆ ಹೇಳಬೇಕಿಲ್ಲ, ಸಂಡೂರಿನ ಕಬ್ಬಿಣದ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಅಂಚು ನೋಡಿದರೆ ಸಾಕು! ಎಲ್ಲ ಕಡೆ ಒಂದೇ ಸಮ ಒತ್ತಿದರೆ ಗೇಟಿಗೆ ಹೊಡೆದ ಬಣ್ಣದಂತೆ ಕಾಣುತ್ತದೆ. ನಿಜವಾದ ತುಕ್ಕು ನೀರು ನಿಲ್ಲುವಲ್ಲಿ, ಅಂದರೆ ಕೆಳಅಂಚು, ಮೂಲೆ, ಸ್ಕ್ರೂ ತಲೆಗಳ ಸುತ್ತ ಹಿಡಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಬಣ್ಣ ಸ್ಪಂಜಿಗೂ ಕಾಯದೆ ಒಣಗುತ್ತದೆ. ಬೆಳಿಗ್ಗೆ ಬೇಗ, ನೆರಳಲ್ಲೇ ಮಾಡಿ. ಕೊನೆಗೆ ಹೊಳಪಿಲ್ಲದ (ಮ್ಯಾಟ್) ವಾರ್ನಿಷ್ ಮಾತ್ರ.

– ಓದುಗರು, ಬಳ್ಳಾರಿ