ಮೈದಾನಕ್ಕೆ ಬಂದ ಚೈನ್ ಲಿಂಕ್: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ದಾವಣಗೆರೆಯವನು, ಹಳೆ ವಾಲಿಬಾಲ್ ಆಟಗಾರ. ಬೆಳಿಗ್ಗೆ ಹೊತ್ತು ಕಾಲೇಜು ಹುಡುಗ ಹುಡುಗಿಯರಿಗೆ ಪ್ರಾಕ್ಟೀಸ್ ಮಾಡಿಸುತ್ತೇನೆ, ಸಂಬಳಕ್ಕಲ್ಲ. ಯಾವ ಮೈದಾನ, ಯಾವ ಕಾಲೇಜು, ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಮೊದಲು ಬೈಸಿಕೊಳ್ಳುವವರು ಹುಡುಗರೇ.

ವಿಷಯ ಇಷ್ಟು. ನಮ್ಮ ಆಟಗಾರರು ಒಬ್ಬರ ಹಿಂದೆ ಒಬ್ಬರು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಹೋಗುತ್ತಿದ್ದಾರೆ. ದುಡ್ಡು ಕೊಟ್ಟು ಸೇರಿ, ಸಾಮಾನು ಮಾರುತ್ತಾ, ತನ್ನ ಕೆಳಗೆ ಇನ್ನಷ್ಟು ಜನರನ್ನು ಸೇರಿಸುತ್ತಾ ಹೋಗುವ ದಂಧೆ ಇದು. ಊರಲ್ಲಿ ಇದಕ್ಕೆ ಚೈನ್ ಲಿಂಕ್ ಅಂತಲೇ ಹೆಸರು. "ಪಾರ್ಟ್ ಟೈಮ್ ಬಿಸಿನೆಸ್ ಅಣ್ಣ, ನಮ್ಮ ಟೈಮಿಗೆ ನಾವೇ ಬಾಸ್. ಪ್ರಾಕ್ಟೀಸಿಗೂ ತೊಂದರೆ ಇಲ್ಲ, ಕ್ಲಾಸಿಗೂ ತೊಂದರೆ ಇಲ್ಲ" ಅಂತ ನನಗೇ ಬಂದು ಹೇಳುತ್ತಾರೆ. ಹೇಳುವಾಗ ಮುಖದಲ್ಲಿ ಸುಳ್ಳು ಇರುವುದಿಲ್ಲ. ಅವರು ಅದನ್ನು ನಂಬಿದ್ದಾರೆ.

ಯಾಕೆ ನಂಬುತ್ತಾರೆ ಅಂತ ನೋಡಿ. ಬೆಳಿಗ್ಗೆ ಐದೂವರೆಗೆ ಮೈದಾನ, ಒಂಬತ್ತೂವರೆಗೆ ಕ್ಲಾಸ್, ಸಂಜೆ ನಾಲ್ಕೂವರೆಯಿಂದ ಮತ್ತೆ ಮೈದಾನ. ಹೀಗಿರುವ ಹುಡುಗನಿಗೆ ಯಾವ ಅಂಗಡಿಯವರು ಕೆಲಸ ಕೊಡುತ್ತಾರೆ? ಬಟ್ಟೆ ಅಂಗಡಿಯಲ್ಲಿ ಜನ ಬರುವುದೇ ಸಂಜೆ. ದೋಸೆ ಹೋಟೆಲಿನಲ್ಲಿ ರಶ್ ಇರುವುದೇ ಬೆಳಿಗ್ಗೆ. ಅಪ್ಪ ಜಗಳೂರು ಕಡೆ ಮಳೆ ನಂಬಿದ ರೈತ, ಇಲ್ಲವೇ ಹರಿಹರದಲ್ಲಿ ದಿನಗೂಲಿ. ಮಗನಿಗೆ ಮೊಟ್ಟೆ, ಹಾಲು, ಬಾಳೆಹಣ್ಣು ಅಂತ ದಿನವೂ ಖರ್ಚಿದೆ. ಶೂ ಹರಿದರೆ ಆ ತಿಂಗಳು ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. ಅಂಥವನಿಗೆ 'ಫ್ಲೆಕ್ಸಿಬಲ್ ಟೈಮ್' ಅಂದರೆ ಕಿವಿ ನಿಮಿರದೆ ಇರುತ್ತಾ? ಹುಡುಗರು ಸೋಮಾರಿಗಳು, ದಿಢೀರ್ ದುಡ್ಡಿನ ಆಸೆ ಅಂತ ಬೈಯುವವರು ಒಂದು ವಾರ ಐದೂವರೆಗೆ ಎದ್ದು ಮೈದಾನಕ್ಕೆ ಬಂದು ನೋಡಲಿ.

ಆದರೆ ಆ ಫ್ಲೆಕ್ಸಿಬಲ್ ಟೈಮ್ ಎಲ್ಲಿಂದ ಬರುತ್ತದೆ? ನಿದ್ದೆಯಿಂದ. ರಾತ್ರಿ ಒಂಬತ್ತಕ್ಕೆ ಜೂಮ್ ಮೀಟಿಂಗ್ ಶುರುವಾದರೆ ಮುಗಿಯುವುದು ಹನ್ನೊಂದೂವರೆಗೆ. ಆಮೇಲೆ ಅಪ್‌ಲೈನ್, ಅಂದರೆ ಇವನನ್ನು ಸೇರಿಸಿದ ಮೇಲಿನವನ, ಫೋನ್. ಭಾನುವಾರ ಯಾವುದೋ ಕಲ್ಯಾಣ ಮಂಟಪದಲ್ಲಿ ಸೆಮಿನಾರ್, ಬಸ್ ಚಾರ್ಜು ಸ್ವಂತದ್ದು. ಸೋಮವಾರ ಬೆಳಿಗ್ಗೆ ಸ್ಮ್ಯಾಶ್ ಹೊಡೆಯಲು ಎಗರುವಾಗ ಕಾಲು ಎಷ್ಟು ಭಾರ ಅಂತ ನೋಡಿದರೇ ಗೊತ್ತಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಈ ಚೈನ್ ನಡೆಸುವವರಿಗೆ ಬೇಕಿರುವುದು ಆಟಗಾರನ ಸಮಯವಲ್ಲ, ಅವನ ಟೀಮು. ದಿನಾ ಮೂವತ್ತು ನಲವತ್ತು ಜನರ ಜೊತೆ ಬೆವರು ಸುರಿಸುವವನು, ಜೂನಿಯರ್‌ಗಳು ಮಾತು ಮೀರದವನು, ಮೈಕಟ್ಟು ನೋಡಿದರೇ ಪ್ರೋಟೀನ್ ಪುಡಿಯ ಡಬ್ಬಿ ಮಾರಾಟವಾಗುವಂಥವನು. ಇಂಥವನು ಸಿಕ್ಕರೆ ಬೇರೆ ಜಾಹೀರಾತು ಯಾಕೆ?

ನಮ್ಮಲ್ಲಿ 400 ಮೀಟರ್ ಓಡುವ ಹುಡುಗನೊಬ್ಬನಿದ್ದಾನೆ. ಪ್ರತಿದಿನದ ಟೈಮಿಂಗ್ ಬರೆದಿಡಲಿ ಅಂತ ಅವನಿಗೆ ಒಂದು ನೋಟ್ ಬುಕ್ ಕೊಡಿಸಿದ್ದೆ. ಮೊನ್ನೆ ತೆಗೆದು ನೋಡಿದರೆ ಅರ್ಧಕ್ಕೆ ಟೈಮಿಂಗ್ ನಿಂತಿದೆ. ಮುಂದಿನ ಪುಟದಿಂದ ಹೆಸರುಗಳ ಪಟ್ಟಿ. ಸೇರಿದ ಕೂಡಲೇ ನೂರು ಹೆಸರು ಬರೆಸುತ್ತಾರಂತೆ. ಹೆಸರು, ಫೋನ್ ನಂಬರ್, ಪಕ್ಕದಲ್ಲಿ 'ದುಡ್ಡು ಇದೆಯಾ' ಅಂತ ಒಂದು ಕಾಲಮ್. ರಿಲೇ ಟೀಮಿನ ಮೂವರೂ ಅದರಲ್ಲಿದ್ದಾರೆ. ಚಿಕ್ಕಮ್ಮ ಇದ್ದಾಳೆ. ಹಾಸ್ಟೆಲಿನ ಅಡುಗೆ ಭಟ್ಟರಿದ್ದಾರೆ. ಕೆಳಗೆ ನಾನೂ ಇದ್ದೇನೆ: 'ಸರ್ – ಹೆಂಡತಿ ಟೀಚರ್, ಸಂಬಳ ಬರುತ್ತೆ.' ನಗು ಬಂತು ನಿಜ. ಆಮೇಲೆ ಬರಲಿಲ್ಲ.

ನಮ್ಮ ವಾಲಿಬಾಲ್ ಟೀಮಿನಲ್ಲಿ ಚೆಂಡು ಎತ್ತಿಕೊಡುವ ಲಿಫ್ಟರ್ ಮಾತಿಗೆ ಅದನ್ನು ಹೊಡೆಯುವ ಸ್ಮ್ಯಾಶರ್ ಐಡಿ ಹಾಕಿಸಿದ, ಅಂದರೆ ದುಡ್ಡು ಕಟ್ಟಿ ಚೈನ್‌ಗೆ ಸೇರಿದ. ಮನೆಯಿಂದ ಸಾಲ ತಂದು ಹಾಕಿಸಿದ. ದುಡ್ಡು ವಾಪಸ್ ಬರಲಿಲ್ಲ. ಈಗ ಇಬ್ಬರೂ ಒಂದೇ ಕೋರ್ಟಿನಲ್ಲಿ ಮಾತಿಲ್ಲದೆ ಆಡುತ್ತಾರೆ. ವಾಲಿಬಾಲ್ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕವನ್ನಾದರೂ ನೋಡೋಣ. ಒಬ್ಬ ಐದು ಜನರನ್ನು ಸೇರಿಸಬೇಕು, ಆ ಐವರು ತಲಾ ಐವರನ್ನು. ಕೇಳೋಕೆ ಸಲೀಸು. 5, 25, 125, 625 ಅಂತ ಹೋಗಿ ಎಂಟನೇ ಸಾಲಿಗೆ 3,90,625 ಜನ ಬೇಕು. ತುದಿಯಲ್ಲಿರುವ ಒಬ್ಬನನ್ನೂ ಸೇರಿಸಿ ಎಲ್ಲ ಕೂಡಿಸಿದರೆ 4,88,281. 2011ರ ಜನಗಣತಿಯಲ್ಲಿ ದಾವಣಗೆರೆ ನಗರದಲ್ಲಿದ್ದವರೇ ಸುಮಾರು 4.35 ಲಕ್ಷ. ತೊಟ್ಟಿಲಲ್ಲಿರುವ ಕೂಸನ್ನು ಸೇರಿಸಿಕೊಂಡರೂ ಸಾಲುವುದಿಲ್ಲ. ಚೈನ್ ಎಲ್ಲಿ ನಿಂತರೂ ನೂರಕ್ಕೆ ಎಂಬತ್ತು ಜನ ಕೊನೆ ಸಾಲಿನಲ್ಲೇ ಇರುತ್ತಾರೆ, ಅವರ ಕೆಳಗೆ ಯಾರೂ ಇರುವುದಿಲ್ಲ. ಬಿಕಾಂ ಓದುವ ಹುಡುಗರಿಗೆ ಈ ಲೆಕ್ಕ ಬರುವುದಿಲ್ಲವಾ ಅಂದರೆ, ಬರುತ್ತದೆ. ತಾನು ಆ ಎಂಬತ್ತರಲ್ಲಿ ಒಬ್ಬ ಅಂತ ಯಾರಿಗೂ ಅನಿಸುವುದಿಲ್ಲ, ಅಷ್ಟೇ. ಗೆದ್ದೇ ಗೆಲ್ಲುತ್ತೇನೆ ಅಂತ ಅವರಿಗೆ ಕಲಿಸಿದವರು ನಾವೇ ಅಲ್ವಾ.

ಡಬ್ಬಿಯ ಮಾತೂ ಇದೆ. ಮಾರುವುದು ಹೆಚ್ಚಾಗಿ ಪ್ರೋಟೀನ್ ಪುಡಿ, ತೂಕ ಇಳಿಸುವ ಪುಡಿ, ಶಕ್ತಿ ಬರುವ ಮಾತ್ರೆ. ಮಾರಾಟವಾಗದೆ ಉಳಿದದ್ದು ಹುಡುಗನ ಮಂಚದ ಕೆಳಗೆ ಸೇರುತ್ತದೆ, ಕೊನೆಗೆ ಅವನ ಹೊಟ್ಟೆಗೆ. ಡೋಪಿಂಗ್ ನಿಯಮದಲ್ಲಿ ನಿಷೇಧಿತ ವಸ್ತು ಮೈಯಲ್ಲಿ ಸಿಕ್ಕರೆ ಹೊಣೆ ಆಟಗಾರನದ್ದೇ. ಡಬ್ಬಿಯ ಮೇಲೆ ಬರೆದಿರಲಿಲ್ಲ, ಸೀನಿಯರ್ ಕೊಟ್ಟ ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾಲ್ಕು ವರ್ಷದವರೆಗೂ ನಿಷೇಧ ಬೀಳಬಹುದು. ಕಾಲೇಜು ಆಟಗಾರನಿಗೆ ನಾಲ್ಕು ವರ್ಷ ಅಂದರೆ ಆಟವೇ ಮುಗಿದಂತೆ. ರಾಜ್ಯಕ್ಕೆ ಎರಡು ಸಲ ರಣಜಿ ಟ್ರೋಫಿ ತಂದ ನಾಯಕ ವಿನಯ್ ಕುಮಾರ್ ಅವರನ್ನು ಕೊಟ್ಟ ಊರು ಇದು, ಗರಡಿ ಮನೆಗಳ ಊರು. ಇಲ್ಲಿ ಈ ಮಾತನ್ನು ಮೈದಾನದಲ್ಲಿ ನಿಂತು ಹೇಳುವವರು ಯಾರೂ ಇಲ್ಲ.

ಅಂಗಡಿ ಇಲ್ಲದೆ ಜನರೇ ಜನರಿಗೆ ಮಾರುವ ನೇರ ಮಾರಾಟವೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಸಾಮಾನು ಮಾರಿ ಲಾಭ ಪಡೆದರೆ ಅದು ವ್ಯಾಪಾರ. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಬಂದರೆ ಅದು ಪಿರಮಿಡ್. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಯನ್ನು ನಿಷೇಧಿಸಿವೆ. ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಕೇಳಿಕೊಳ್ಳದೆ ಮಾರಾಟಕ್ಕೆ ಮನೆಗೆ ಹೋಗುವಂತಿಲ್ಲ ಅಂತಲೂ ಹೇಳಿವೆ. ಇದರ ಮೇಲೆ ಕಣ್ಣಿಡಲು ಪ್ರತಿ ರಾಜ್ಯ ಒಂದು ವ್ಯವಸ್ಥೆ ಮಾಡಬೇಕು ಅಂತ ಅದೇ ನಿಯಮದಲ್ಲಿದೆ. ನಮ್ಮ ಹುಡುಗರಲ್ಲಿ ಒಬ್ಬನಿಗೂ ಇದ್ಯಾವುದೂ ಗೊತ್ತಿಲ್ಲ.

ಗೊತ್ತಿರುವುದು ಒಂದೇ, ಹೆದರಿಕೆ. ಹಣ ಚಲಾವಣೆ ಯೋಜನೆಗಳನ್ನು, ಅಂದರೆ ಜನರನ್ನು ಸೇರಿಸಿದ್ದಕ್ಕೆ ದುಡ್ಡು ಕೊಡುವ ಇಂಥ ಚೈನ್‌ಗಳನ್ನು, ನಿಷೇಧಿಸುವ 1978ರ ಕಾಯ್ದೆಯಲ್ಲಿ ನಡೆಸುವವನ ಜೊತೆ ಸೇರಿದವನೂ ತಪ್ಪಿತಸ್ಥ, ಮೂರು ವರ್ಷದವರೆಗೆ ಜೈಲು. ಇದನ್ನು ಅಪ್‌ಲೈನ್‌ಗಳು ಚೆನ್ನಾಗಿ ಬಳಸಿಕೊಳ್ಳುತ್ತಾರೆ. "ಕಂಪ್ಲೇಂಟ್ ಕೊಟ್ಟರೆ ನೀನೂ ಒಳಗೆ ಹೋಗ್ತೀಯ, ನಿನ್ನ ಕೆಳಗೆ ಆರು ಜನ ಇದಾರೆ" ಅಂದರೆ ಇಪ್ಪತ್ತು ವರ್ಷದ ಹುಡುಗ ಬಾಯಿ ಮುಚ್ಚಿಕೊಳ್ಳುತ್ತಾನೆ. ಪೊಲೀಸ್ ಕೆಲಸಕ್ಕೆ ಓಡುತ್ತಿರುವವನಂತೂ ಕೇಸು ಅನ್ನುವ ಪದಕ್ಕೇ ಬೆವರುತ್ತಾನೆ.

ಈ ಪತ್ರ ನಿಮಗೇ ಬರೆಯಲು ಕಾರಣ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತಿನ ಅಧ್ಯಕ್ಷರು ನೀವು. ವರ್ಷಕ್ಕೆ ಎರಡು ಸಭೆಯಾದರೂ ಆಗಬೇಕು. ಮುಂದಿನ ಸಭೆಯಲ್ಲಿ ಈ ವಿಷಯ ಇಡಿ. ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರನ್ನೂ ಕರೆಯಿರಿ. ಅವರಲ್ಲಿ ಒಬ್ಬಿಬ್ಬರು ಸ್ವತಃ ಅಪ್‌ಲೈನ್ ಇದ್ದರೂ ಇರಬಹುದು, ಸಭೆಯಲ್ಲಿ ಕೂತಾದರೂ ಕೇಳಿಸಿಕೊಳ್ಳಲಿ. ಅದೇ ಕಾಯ್ದೆಯ 16ನೇ ಕಲಂ ಇನ್ನೂ ಮುಖ್ಯ. ಅನ್ಯಾಯದ ವ್ಯಾಪಾರದ ಬಗ್ಗೆ ದೂರು ಬಂದರೆ ವಿಚಾರಣೆ ಮಾಡುವ ಅಧಿಕಾರ ಅದರಲ್ಲಿ ಜಿಲ್ಲಾಧಿಕಾರಿಗೇ ಇದೆ. ನಮ್ಮಂಥವರಿಗೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತುವುದಕ್ಕಿಂತ ನಿಮ್ಮ ಕಚೇರಿಗೆ ಬರುವುದು ಸುಲಭ. ವಿದ್ಯಾರ್ಥಿಗಳು ಬಂದರೆ ಅವರನ್ನು ಆರೋಪಿಗಳಂತೆ ಅಲ್ಲ, ದೂರುದಾರರಂತೆ ಕೂರಿಸಿ ಕೇಳುತ್ತೇವೆ ಅಂತ ನೀವು ಒಂದು ಪ್ರಕಟಣೆ ಕೊಟ್ಟರೂ ಸಾಕು. ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. 1915 ಗ್ರಾಹಕ ಸಹಾಯವಾಣಿಯ ನಂಬರನ್ನು ಪ್ರತಿ ಮೈದಾನದ ಗೇಟಿನ ಮೇಲೆ ಬರೆಸಿ. ಪೇಂಟಿನ ಖರ್ಚು ಅಷ್ಟೇ. ಸರ್ಕಾರಿ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕೂತು ಹುಡುಗರನ್ನು ಸೇರಿಸಲು ಚೈನ್‌ನ ಪ್ಲಾನ್ ತೋರಿಸುವುದನ್ನಂತೂ ಇವತ್ತೇ ನಿಲ್ಲಿಸಬಹುದು.

ಆದರೆ ಸುಮ್ನೆ ಬೇಡ ಅಂದರೆ ಕೇಳುವ ವಯಸ್ಸಲ್ಲ, ಹಸಿವೂ ಕೇಳುವುದಿಲ್ಲ. ಅವರಿಗೆ ಬೇರೆ ದುಡಿಮೆ ಬೇಕು. ಅದು ನಮ್ಮ ಕಣ್ಣೆದುರೇ ಇದೆ. ಪ್ರತಿ ವರ್ಷ ಶಾಲೆಗಳ ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟದ ಕ್ರೀಡಾಕೂಟ ನಡೆಯುತ್ತವೆ. ಅಲ್ಲಿ ಲೈನ್ ನೋಡುವವರಿಲ್ಲ, ಸ್ಕೋರ್ ಬರೆಯುವವರಿಲ್ಲ, ಸ್ಟಾಪ್ ವಾಚ್ ಹಿಡಿಯಲು ಗಣಿತದ ಮೇಷ್ಟ್ರನ್ನು ಕರೆತಂದು ನಿಲ್ಲಿಸುತ್ತಾರೆ. ಖೋಖೋದಲ್ಲಿ ಫೌಲ್ ಆಯ್ತೋ ಇಲ್ವೋ ಅಂತ ಮಕ್ಕಳು ಅಳುತ್ತಾ ಮನೆಗೆ ಹೋಗುತ್ತಾರೆ. ಕಾಲೇಜು ಆಟಗಾರರಿಗೆ ಎರಡು ದಿನ ತರಬೇತಿ ಕೊಟ್ಟು, ದಿನಕ್ಕೆ ಇಷ್ಟು ಅಂತ ಗೌರವಧನ ಕೊಟ್ಟು ಈ ಕೆಲಸ ಮಾಡಿಸಬಹುದು. ಏಪ್ರಿಲ್, ಮೇ ತಿಂಗಳ ಬೇಸಿಗೆ ಶಿಬಿರಗಳಲ್ಲಿ ಸಹಾಯಕ ಕೋಚ್ ಮಾಡಬಹುದು. ಈ ಕೆಲಸಕ್ಕೆ ಅವರು ಯಾರ ಜೇಬನ್ನೂ ನೋಡಬೇಕಿಲ್ಲ, ಮೈದಾನ ಬಿಟ್ಟು ಹೋಗಬೇಕಾಗಿಯೂ ಇಲ್ಲ.

ಈ ವರ್ಷ ವಲಯ ಮಟ್ಟದ ಪಂದ್ಯಗಳು ಶುರುವಾಗುವ ಮೊದಲು ಕ್ರೀಡಾ ಇಲಾಖೆ, ಶಿಕ್ಷಣ ಇಲಾಖೆ ಎರಡನ್ನೂ ಒಂದು ಕಡೆ ಕೂರಿಸಿ ಇದನ್ನು ತೀರ್ಮಾನ ಮಾಡಿ. ಲೈನ್ ನೋಡಲು ಬರುವ ಹುಡುಗ ಹುಡುಗಿಯರ ಹೆಸರು, ಯಾರು ಯಾವ ಆಟ ಅನ್ನುವುದರ ಸಮೇತ ನಾನು ಕೊಡುತ್ತೇನೆ.

ಇಂತಿ,
ದಾವಣಗೆರೆಯ ಒಬ್ಬ ಹಳೆ ವಾಲಿಬಾಲ್ ಆಟಗಾರ