ಸ್ಯಾಂಡ್‌ವಿಚ್‌ಗೆ ಸಾಮಗ್ರಿಯ ಪಟ್ಟಿಯಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಮನೆಯಲ್ಲೇ ಮಾಡಿಕೊಳ್ಳಬಹುದಾದ ಹೆಸರಾಂತ ಸ್ಯಾಂಡ್‌ವಿಚ್‌ಗಳ ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಬರಹವನ್ನು ಆಸಕ್ತಿಯಿಂದ ಓದಿದೆ. ಯಾವುದಕ್ಕೆ ಏನೇನು ಬೇಕು, ಎಷ್ಟೆಷ್ಟು ಬೇಕು ಎಂಬುದೆಲ್ಲ ಅದರಲ್ಲಿ ಒಪ್ಪವಾಗಿಯೇ ಇತ್ತು. ಆದರೆ ಯಾವುದರ ಮೇಲೆ ಯಾವುದನ್ನು ಇಡಬೇಕು, ಹಾಗೆ ಇಡುವುದು ಏಕೆ ಎಂಬ ವಿವರಣೆ ಒಂದು ಕಡೆಯೂ ಕಾಣಲಿಲ್ಲ. ಮನೆಯಲ್ಲಿ ಮಾಡಿದ ಸ್ಯಾಂಡ್‌ವಿಚ್ ಹದಗೆಡುವುದು ಬಹುಮಟ್ಟಿಗೆ ಒಳಗಿನ ನೀರು ಬ್ರೆಡ್ಡಿಗೆ ಇಳಿಯುವುದರಿಂದ. ಹಳೆಯ, ಹೆಸರು ಉಳಿಸಿಕೊಂಡು ಬಂದ ಸ್ಯಾಂಡ್‌ವಿಚ್‌ಗಳನ್ನು ಗಮನಿಸಿದರೆ ಪ್ರತಿಯೊಂದೂ ಆ ನೀರನ್ನು ತಡೆಯಲು ತನ್ನದೇ ಉಪಾಯ ಮಾಡಿಕೊಂಡಿರುವುದು ತಿಳಿಯುತ್ತದೆ.

ಇಂಗ್ಲೆಂಡಿನ ಸಂಜೆಯ ಚಹಾದ ಜೊತೆ ಬೆಳೆದು ಬಂದ ಸೌತೆಕಾಯಿ ಸ್ಯಾಂಡ್‌ವಿಚ್ಚನ್ನೇ ನೋಡಿ. ಬ್ರೆಡ್ಡು, ಬೆಣ್ಣೆ, ಸೌತೆಕಾಯಿ, ಉಪ್ಪು, ಕಾಳುಮೆಣಸಿನ ಪುಡಿ ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ. ಸೌತೆಕಾಯಿಯ ತೂಕದಲ್ಲಿ ಶೇ 95ರಷ್ಟು ನೀರೇ ಆಗಿರುವುದರಿಂದ, ಹೆಚ್ಚಿದ ಕೂಡಲೇ ಬ್ರೆಡ್ಡಿನ ನಡುವೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದು ನೆನೆದ ಕಾಗದದಂತಾಗುತ್ತದೆ. ತೆಳುವಾಗಿ ಹೆಚ್ಚಿದ ಬಿಲ್ಲೆಗಳಿಗೆ ಉಪ್ಪು ಉದುರಿಸಿ ಹದಿನೈದು ಇಪ್ಪತ್ತು ನಿಮಿಷ ಜರಡಿಯಲ್ಲಿ ಬಿಟ್ಟರೆ ಆ ನೀರಿನ ಒಂದಷ್ಟು ಪಾಲು ತೊಟ್ಟಿಕ್ಕಿ ಹೋಗುತ್ತದೆ. ಆಮೇಲೆ ಒಣ ಬಟ್ಟೆಯಲ್ಲಿ ಒತ್ತಿ ತೆಗೆದ ಬಿಲ್ಲೆ ಬೆರಳಿನಲ್ಲಿ ಬಾಗುವಷ್ಟು ಮೆತ್ತಗಾಗಿದ್ದರೂ ಹಲ್ಲಿಗೆ ಸಿಕ್ಕಾಗ ಕರುಮ್ಮೆನ್ನುವುದನ್ನು ಬಿಟ್ಟಿರುವುದಿಲ್ಲ. ಇನ್ನು ಬೆಣ್ಣೆ. ಅದರಲ್ಲಿ ಶೇ 80ರಷ್ಟು ಕೊಬ್ಬು ಇರುವುದರಿಂದ ನೀರು ಅದನ್ನು ದಾಟಿ ಸುಲಭವಾಗಿ ಇಳಿಯದು. ಎರಡೂ ಹೋಳುಗಳಿಗೆ ಅಂಚಿನವರೆಗೆ, ಎಲ್ಲಿಯೂ ಬ್ರೆಡ್ಡು ಕಾಣದ ಹಾಗೆ ಸವರಬೇಕೆಂದು ಹಳಬರು ಹೇಳುತ್ತಿದ್ದುದು ಇದಕ್ಕಾಗಿಯೇ. ಬೆಣ್ಣೆ ಗಟ್ಟಿಯಾಗಿದ್ದರೆ ಬ್ರೆಡ್ಡನ್ನು ಕಿತ್ತುಹಾಕುತ್ತದೆ, ಆದ್ದರಿಂದ ಮೊದಲೇ ಹೊರಗಿಟ್ಟು ಮೆತ್ತಗಾಗಿಸಿಕೊಳ್ಳುವುದು ಒಳ್ಳೆಯದು.

ಟೊಮೆಟೊ ಇರುವ ಕಡೆಯೂ ಇದೇ ಲೆಕ್ಕ. ಬ್ರೆಡ್ಡನ್ನು ಸುಟ್ಟು, ಮೇಯೊನೇಸ್ ಸವರಿ, ಅದರ ಮೇಲೆ ಲೆಟಿಸ್ ಎಲೆಯನ್ನು ಹಾಸಿ, ಟೊಮೆಟೊವನ್ನು ಎಲೆಯ ಮೇಲಿಟ್ಟರೆ ರಸ ಕೆಳಗಿಳಿಯುವುದು ಬಹಳ ನಿಧಾನ. ಮೂರು ಹೋಳು ಬ್ರೆಡ್ಡಿನ ನಡುವೆ ಎರಡು ಪದರವಾಗಿ ಜೋಡಿಸುವ ಕ್ಲಬ್ ಸ್ಯಾಂಡ್‌ವಿಚ್ಚಿನ ಮೂರನೆಯ ಹೋಳು ನನಗೆ ಮೊದಲಿನಿಂದಲೂ ಹೆಚ್ಚುವರಿ ಎನಿಸಿದೆ. ಅಷ್ಟು ದೊಡ್ಡದಾಗಿ ಬಾಯಿ ತೆರೆಯಬಲ್ಲವರು ನನ್ನೊಂದಿಗೆ ಜಗಳಕ್ಕೆ ಬರಬಹುದು.

ನಿಜವಾದ ಪರೀಕ್ಷೆ ಇರುವುದು ಚೀಸನ್ನು ಒಳಗಿಟ್ಟು ಕಾವಲಿಯ ಮೇಲೆ ಸುಡುವ ಸ್ಯಾಂಡ್‌ವಿಚ್ಚಿನಲ್ಲಿ. ತಮ್ಮ ಬರಹದಲ್ಲಿ ಇದಕ್ಕೆ ‘ದೊಡ್ಡ ಉರಿಯಲ್ಲಿ ಎರಡೂ ಕಡೆ ಸುಡಿ’ ಎಂದಿದೆ, ಅದನ್ನು ನಾನು ಒಪ್ಪಲಾರೆ. ಬ್ರೆಡ್ಡಿನ ಹೊರಮೈ ಕೆಂಪಗಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮಯಾರ್ ಅವರ ಹೆಸರಿನಲ್ಲೇ ಆ ಕ್ರಿಯೆ ಪ್ರಸಿದ್ಧವಾಗಿದೆ. ಚೀಸ್ ಕರಗಲು ಅದರ ಅರ್ಧದಷ್ಟು ಬಿಸಿಯೂ ಬೇಕಿಲ್ಲ, ಆದರೆ ಆ ಬಿಸಿ ಬ್ರೆಡ್ಡನ್ನು ದಾಟಿ ಒಳಗೆ ತಲುಪಲು ಸಮಯ ಬೇಕು. ಉರಿ ದೊಡ್ಡದಾದರೆ ಹೊರಗೆ ಕರಿಕಾಗಿ ಒಳಗೆ ಚೀಸ್ ತಣ್ಣಗೇ ಉಳಿಯುತ್ತದೆ. ಸಣ್ಣ ಉರಿ, ಮೊದಲೆರಡು ನಿಮಿಷ ಮುಚ್ಚಳ, ದಪ್ಪ ತುಂಡಿನ ಬದಲು ತುರಿದ ಚೀಸ್ ಇವಿಷ್ಟಿದ್ದರೆ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ. ಬಹುಕಾಲ ಹಣ್ಣಾಗಿಸಿದ ಚೀಸ್ ಒಂದನ್ನೇ ಬಳಸಿದರೆ ಕರಗುವಾಗ ಎಣ್ಣೆ ಬೇರೆಯಾಗಿ ಗಂಟುಗಟ್ಟುವುದುಂಟು. ಅದಕ್ಕೆ ಸ್ವಲ್ಪ ಎಳೆಯ ಚೀಸ್ ಬೆರೆಸಿದರೆ ರುಚಿಯೂ ಉಳಿಯುತ್ತದೆ, ಎಳೆದಾಗ ನೂಲಿನಂತೆಯೂ ಬರುತ್ತದೆ. ಇಳಿಸಿದ ಮೇಲೆ ನೇರವಾಗಿ ತಟ್ಟೆಗೆ ಹಾಕದೆ ಒಂದು ನಿಮಿಷ ತಂತಿಯ ಜಾಲರಿಯ ಮೇಲಿಡಬೇಕು. ಇಲ್ಲವಾದರೆ ತಳದಲ್ಲಿ ಹಬೆ ಸಿಕ್ಕಿಕೊಂಡು, ಅಷ್ಟು ಹೊತ್ತು ಕಾದು ಗಳಿಸಿದ ಗರಿಗರಿ ಹೋಗಿಬಿಡುತ್ತದೆ.

ಜೂಜಿನ ಮೇಜು ಬಿಟ್ಟೇಳದೆ ಬ್ರೆಡ್ಡಿನ ನಡುವೆ ಮಾಂಸ ಇಡಿಸಿಕೊಂಡು ತಿಂದು, ಈ ತಿನಿಸಿಗೆ ತನ್ನ ಹೆಸರು ಕೊಟ್ಟನೆನ್ನುವ ಇಂಗ್ಲಿಷ್ ಶ್ರೀಮಂತ ಅರ್ಲ್ ಆಫ್ ಸ್ಯಾಂಡ್‌ವಿಚ್‌ನ ಕಥೆಯೂ ಆ ಬರಹದಲ್ಲಿ ಇತಿಹಾಸವೆಂಬಂತೆ ಬಂದಿದೆ. ಅದು ಹದಿನೆಂಟನೆಯ ಶತಮಾನದ ಫ್ರೆಂಚ್ ಪ್ರವಾಸಿ ಗ್ರೋಸ್ಲಿ ಬರೆದಿಟ್ಟ ಸುದ್ದಿಯಷ್ಟೇ. ಆ ಕಥೆಯ ನಾಯಕ, ನಾಲ್ಕನೆಯ ಅರ್ಲ್ ಜಾನ್ ಮಾಂಟಗು ಅವರ ಜೀವನಚರಿತ್ರೆ ಬರೆದ ಎನ್.ಎ.ಎಂ. ರಾಡ್ಜರ್ ಅವರು, ನೌಕಾಪಡೆಯ ಹೊಣೆ ಹೊತ್ತಿದ್ದ ಅರ್ಲ್ ಅದರ ಕಡತಗಳ ಮುಂದೆ ಕುಳಿತಾಗ ಆ ಸ್ಯಾಂಡ್‌ವಿಚ್ಚನ್ನು ತಿಂದಿರುವ ಸಾಧ್ಯತೆಯೇ ಹೆಚ್ಚು ಎನ್ನುತ್ತಾರೆ. ಜೂಜೋ ಕಡತವೋ, ಬ್ರೆಡ್ಡು ಇದ್ದುದು ಕೈ ಜಿಡ್ಡಾಗದಿರಲಿ ಎಂದೇ ಇರಬೇಕು.

ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡಬೇಕೆಂಬ ಸಲಹೆಯನ್ನೂ ತಿದ್ದಬೇಕಾಗಿದೆ. ಆ ತಂಪಿನಲ್ಲಿ ಬ್ರೆಡ್ಡಿನ ಪಿಷ್ಟ ಮತ್ತೆ ಹರಳುಗಟ್ಟುವ ವೇಗ ಹೆಚ್ಚುವುದರಿಂದ ಹೊರಗಿಟ್ಟದ್ದಕ್ಕಿಂತ ಬೇಗ ಅದು ಬಿರುಸಾಗುತ್ತದೆ. ಹೆಚ್ಚು ದಿನ ಇಡಬೇಕಾದರೆ ಹೋಳು ಮಾಡಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ನೇರವಾಗಿ ಸುಟ್ಟುಕೊಳ್ಳಬಹುದು.

ಕೊನೆಯದಾಗಿ, ಮೊಟ್ಟೆಯ ಸ್ಯಾಂಡ್‌ವಿಚ್ಚಿನ ಬಗ್ಗೆ. ಬೆಂದ ಮೊಟ್ಟೆಯನ್ನು ಕೂಡಲೇ ತಣ್ಣೀರಿಗೆ ಹಾಕಿದರೆ ಹಳದಿಯ ಸುತ್ತ ಹಸಿರು ಗೆರೆ ಮೂಡುವುದು ಕಡಿಮೆಯಾಗುತ್ತದೆ. ಪೂರ್ತಿ ಆರಿದ ಮೇಲೆಯೇ ಮೇಯೊನೇಸ್ ಬೆರೆಸಬೇಕು, ಬಿಸಿಯಲ್ಲಿ ಬೆರೆಸಿದರೆ ಅದು ಒಡೆದು ನೀರಾಗುತ್ತದೆ. ಬುತ್ತಿಗೆ ಕಟ್ಟಲು ಇದು ಅನುಕೂಲವೆಂದು ಬರಹದಲ್ಲಿ ಶಿಫಾರಸು ಮಾಡಲಾಗಿದೆ, ಆದರೆ ತಂಪಿಲ್ಲದ ಕಡೆ ಎರಡು ಗಂಟೆಗಿಂತ ಹೆಚ್ಚು ಇಡಬಾರದೆಂಬ ಎಚ್ಚರಿಕೆಯನ್ನು ಬಿಡಲಾಗಿದೆ. ಮಕ್ಕಳ ಡಬ್ಬಿಗೆ ಹೋಗುವ ತಿನಿಸಾದ್ದರಿಂದ ಆ ಒಂದು ಸಾಲನ್ನು ಮುಂದಿನ ಸಂಚಿಕೆಯಲ್ಲಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ