ಹಳೇ ಬಂಗಲೆ ಗೋಡೆಗೆ ಪ್ಲಾಸ್ಟಿಕ್ ಬಣ್ಣ ಬೇಡ

ಮಾನ್ಯ ಸಂಪಾದಕರೇ,

ತುಂಗಾ ದಂಡೆಯ ಹಳೇ ಬಂಗಲೆಯೊಂದರಲ್ಲಿ ಹೋದ ತಿಂಗಳು ಎರಡು ರಾತ್ರಿ ಉಳಿದಿದ್ದೆವು, ನಾನು ಮತ್ತು ನನ್ನ ಹೆಂಡತಿ. ಮದುವೆಯಾಗಿ 40 ವರ್ಷ ಆಯಿತು ಅಂತ ಬೆಂಗಳೂರಿನ ಮಗಳು ಬುಕ್ ಮಾಡಿದ್ದಳು. ಬಾಡಿಗೆ ಎಷ್ಟು ಅಂತ ಗೊತ್ತಾದಾಗ ಹೆಂಡತಿ, "ಇಷ್ಟು ದುಡ್ಡಿಗೆ ನಮ್ಮ ಬಚ್ಚಲುಮನೆ ರಿಪೇರಿ ಆಗ್ತಿತ್ತಲ್ಲ" ಅಂದಳು. ನಾನು ಗಾರೆ ಮೇಸ್ತ್ರಿ. 35 ವರ್ಷ ತೀರ್ಥಹಳ್ಳಿ, ಹೊಸನಗರ ಸುತ್ತಮುತ್ತ ಮನೆ ಕಟ್ಟಿದ್ದೇನೆ. ಮಂಡಿ ನೋವು ಬಂದು ಈಗ ಕೆಲಸ ಬಿಟ್ಟಿದ್ದೇನೆ. ಆದರೆ ಗೋಡೆ ಕಂಡರೆ ತಟ್ಟಿ ನೋಡುವ ಚಟ ಹೋಗಿಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಮಾಡನ್ನು ಚೆನ್ನಾಗಿ ಉಳಿಸಿಕೊಂಡಿದ್ದಾರೆ. ಹಂಚಿನ ಕೆಳಗಿನ ಕೊಳೆತ ಮರದ ಪಕಾಸು, ರೀಪು ಬದಲಾಯಿಸಿ, ಹಳೇ ಹಂಚನ್ನೇ ತೊಳೆದು ಮತ್ತೆ ಹೊದಿಸಿದ್ದಾರೆ. ಒಡೆದ ಎರಡು ಹಂಚು ಹಿತ್ತಲ ಮೂಲೆಯಲ್ಲಿ ಬಿದ್ದಿದ್ದವು. ತಿರುಗಿಸಿ ನೋಡಿದರೆ ಸ್ವಿಟ್ಜರ್ಲೆಂಡಿನ ಪಾದ್ರಿಗಳ ಸಂಸ್ಥೆ ಬಾಸೆಲ್ ಮಿಷನ್ನಿನ ಮುದ್ರೆ! ಅವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಲ್ಲಿಂದ ಘಾಟಿ ಹತ್ತಿಸಿ ತಂದ ಮಾಲು ಇದು. ಜಗಲಿಯ ಕೆಂಪು ನೆಲವನ್ನೂ ಕೆಡಿಸಿಲ್ಲ, ಕಾಲಿಟ್ಟರೆ ತಣ್ಣಗೆ. ಅಲ್ಲಿ ಕುರ್ಚಿ ಹಾಕಿ ಕೂತರೆ ಎದುರಿಗೇ ತುಂಗೆ, ಮಳೆಗಾಲದ ಕೆಂಪು ನೀರು. ಸಂಜೆ ಮಂಡಗದ್ದೆ ಪಕ್ಷಿಧಾಮದ ಕಡೆಗೆ ಬೆಳ್ಳಕ್ಕಿಗಳ ಸಾಲು. ಹೆಂಡತಿ ಬಾಡಿಗೆ ವಿಷಯ ಮರೆತೇಬಿಟ್ಟಳು.

ಬಾಗಿಲ ಬಳಿ 'ಬ್ರಿಟಿಷರ ಕಾಲದ ಬಂಗಲೆ' ಅಂತ ಫಲಕ ಇದೆ. ಮೈಸೂರು ಸೀಮೆಯನ್ನು ಬ್ರಿಟಿಷ್ ಕಮಿಷನರುಗಳು ನೇರವಾಗಿ ಆಳಿದ್ದು 1831ರಿಂದ 1881ರವರೆಗೆ, ಆಮೇಲೆ ಮತ್ತೆ ಮಹಾರಾಜರದ್ದೇ. ಆದರೂ ನಮ್ಮ ಕಡೆ ಬಂಗಲೆ ಅಂದರೆ ಬಿಳಿ ದೊರೆ ಕಟ್ಟಿಸಿದ್ದು ಅಂತಲೇ ಲೆಕ್ಕ. ಗಾರೆ ಅರೆದವರು ನಮ್ಮವರೇ ಅಲ್ವಾ, ಇರಲಿ.

ರಾತ್ರಿ ಮಲಗಿದಾಗ ಮುಗ್ಗಲು ವಾಸನೆ. ಲೈಟ್ ಹಾಕಿದೆ. ಮಂಚದ ಹಿಂದಿನ ಗೋಡೆಯಲ್ಲಿ, ನೆಲದಿಂದ ಮೂರಡಿ ಎತ್ತರದವರೆಗೆ, ಬಣ್ಣ ದೋಸೆಯ ಹಾಗೆ ಉಬ್ಬಿತ್ತು. ಉಗುರಲ್ಲಿ ಒಂದು ಗುಳ್ಳೆ ಒತ್ತಿದೆ. ಬಣ್ಣದ ಪೊರೆ ಹರಿದು ನೀರು ತೊಟ್ಟಿಕ್ಕಿತು. ಒಳಗೆ ಸಿಮೆಂಟ್ ಗಿಲಾವು, ಅದರ ಮೇಲೆ ಬಿಳಿ ಉಪ್ಪು, ಕೈಗೆ ಹತ್ತುವಷ್ಟು. "ಬೇರೆಯವರ ಗೋಡೆ ಯಾಕೆ ಕೆರೀತೀರಿ, ದುಡ್ಡು ಹಾಕ್ತಾರೆ" ಅಂತ ಹೆಂಡತಿ ಗದರಿದಳು.

ಆ ಗೋಡೆ ಜಂಬಿಟ್ಟಿಗೆಯದ್ದು. ಅದು ತೂತು ತೂತಿನ ಕಲ್ಲು, ಮಳೆಗಾಲದಲ್ಲಿ ನೆಲದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಕಟ್ಟಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಸುಣ್ಣದ ಗಾರೆ ಬಳಿದರು. ಕುಡಿದ ನೀರನ್ನು ಸುಣ್ಣ ಸ್ವಲ್ಪ ಸ್ವಲ್ಪವೇ ಗಾಳಿಗೆ ಬಿಡುತ್ತದೆ, ಗೋಡೆ ಆರುತ್ತದೆ. ಈಗ ಮೇಲೆ ಸಿಮೆಂಟ್, ಅದರ ಮೇಲೆ ಎರಡು ಕೋಟ್ ಪ್ಲಾಸ್ಟಿಕ್ ಬಣ್ಣ. ಸಾಲದ್ದಕ್ಕೆ ಏಸಿ ಅಂತ ಕಿಟಕಿ ಭದ್ರ. ನೀರು ಎಲ್ಲಿಗೆ ಹೋಗಬೇಕು?

ಬೆಳಿಗ್ಗೆ ಮ್ಯಾನೇಜರಿಗೆ ಹೇಳಿದೆ. ಒಳ್ಳೆ ಹುಡುಗ. "ಮಲೆನಾಡು ಅಲ್ವಾ ಸರ್, ಮಳೆಗಾಲದಲ್ಲಿ ಎಲ್ಲ ಕಡೆ ಹೀಗೇ" ಅಂದ. ಅಷ್ಟರಲ್ಲಿ ಕೆಲಸದ ಹುಡುಗ ಪಕ್ಕದ ರೂಮಿನಿಂದ ತೇವ ಹೀರುವ ಮೆಷಿನ್ನಿನ ಡಬ್ಬ ತಂದು ಬಕೆಟ್ಟಿಗೆ ಸುರಿದ. ಅರ್ಧ ಬಕೆಟ್. ದಿನಾ ಬೆಳಿಗ್ಗೆ ಇದೇ ಕೆಲಸವಂತೆ. ನೀರನ್ನು ತೆಂಗಿನ ಮರದ ಬುಡಕ್ಕೆ ಚೆಲ್ಲಿ ಹೋದ.

ಹಿಂದೆ ಒಂದು ಉಗ್ರಾಣದ ಕೋಣೆ ಇದೆ. ಮುರಿದ ಮಂಚ, ಹಳೇ ಹಂಡೆ ತುಂಬಿದ್ದಾರೆ. ದುಡ್ಡು ಸಾಲದೆಯೋ ಏನೋ, ಅದನ್ನು ರಿಪೇರಿ ಮಾಡಿಲ್ಲ. ಹಳೇ ಗಾರೆ, ಅಲ್ಲಲ್ಲಿ ಕಪ್ಪು ಕಲೆ, ನೋಡಲು ಚಂದವಿಲ್ಲ. ಅಂಗೈ ಇಟ್ಟು ನೋಡಿದೆ. ಒಣಗಿತ್ತು! ಅದೇ ಮಳೆ, ಅದೇ ನದಿ, ಅದೇ ಜಂಬಿಟ್ಟಿಗೆ. ಮ್ಯಾನೇಜರ ಕೈ ಹಿಡಿದು ಆ ಗೋಡೆ ಮುಟ್ಟಿಸಿದೆ. ಅವನೂ ಸುಮ್ನೆ ನಿಂತ.

ನಾನೇನು ಸಾಚಾ ಅಲ್ಲ. ಕೈಯಲ್ಲಿ ಕಸುವಿದ್ದ ಕಾಲದಲ್ಲಿ ಎಷ್ಟೋ ಹಳೇ ಮನೆಗೆ ಸಿಮೆಂಟ್ ಬಳಿದು ಕೂಲಿ ತಗೊಂಡಿದ್ದೇನೆ. ಎರಡು ಮಳೆಗಾಲ ಕಳೆದ ಮೇಲೆ ಮಾಲೀಕರು ಕರೆದು ಬೈದಾಗಲೇ ಬುದ್ಧಿ ಬಂದದ್ದು. ನಮ್ಮಪ್ಪ ಸುಣ್ಣದ ಕೆಲಸದವರು. ಗುಂಡಿಯಲ್ಲಿ ಚಿಪ್ಪು ಸುಣ್ಣ ಅರಳಿಸಿ ವಾರಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ಆಮೇಲೆ ಎತ್ತು ಕಟ್ಟಿ ಗಾಣದಲ್ಲಿ ಮರಳಿನ ಜೊತೆ ಅರೆಯುವುದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವುದು. ಗಾರೆ ಬೆಣ್ಣೆಯ ಹಾಗೆ ಕರಣೆಗೆ ಅಂಟಬೇಕು. ಸುಣ್ಣ ಗಟ್ಟಿಯಲ್ಲ ಅನ್ನುವವರಿಗೆ ಒಂದು ಮಾತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಗೆ ಹಾಕಿದ್ದು ಸುಣ್ಣ, ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆ. ಇವತ್ತಿಗೂ ಕಾವೇರಿಯನ್ನು ತಡೆದು ನಿಂತಿದೆ.

ಮಲೆನಾಡಿನಲ್ಲಿ ಹಳೇ ಬಂಗಲೆಗಳನ್ನು ಹೋಂಸ್ಟೇ, ವಿಲ್ಲಾ ಅಂತ ಮಾಡುವವರು ಈಗ ಜಾಸ್ತಿ. ಮಾಡಲಿ, ಬೀಳುವುದಕ್ಕಿಂತ ಒಳ್ಳೆಯದು. ಗೋಡೆಗೆ ಕೈ ಹಾಕುವ ಮೊದಲು ಸುಣ್ಣದ ಕೆಲಸ ಬಲ್ಲವರೊಬ್ಬರನ್ನು ಕರೆದು ತೋರಿಸಿ ಅಂತ ಕೇಳಿಕೊಳ್ಳುತ್ತೇನೆ, ಅಷ್ಟೇ. ದಿನ ಜಾಸ್ತಿ ಹಿಡಿಯುತ್ತದೆ, ನಿಜ. ಒಂದು ಪದರ ಆರುವ ತನಕ ಇನ್ನೊಂದು ಬಳಿಯುವ ಹಾಗಿಲ್ಲ. ಕಾಂಟ್ರಾಕ್ಟರಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಮಾಲೀಕರಿಗಾದರೂ ಇರಬೇಕು. ಕಲಿತವರು ಉಳಿದಿರುವುದೇ ಕಮ್ಮಿ, ಇದ್ದವರೂ ನನ್ನ ಹಾಗೆ ಮಂಡಿ ಹಿಡಿದುಕೊಂಡು ಕೂತಿದ್ದಾರೆ. ಸರ್ಕಾರದವರು ಹತ್ತು ಹುಡುಗರಿಗೆ ಕಲಿಸುವ ಏರ್ಪಾಡು ಮಾಡಿದರೆ ಕೂತಲ್ಲಿಂದಲೇ ಹೇಳಿಕೊಡುತ್ತೇವೆ.

ದೀಪಾವಳಿ ಕಳೆದು ಗೋಡೆ ಆರಿದ ಮೇಲೆ ಬರುತ್ತೇನೆ, ಆ ಒಂದು ಗೋಡೆಯ ಸಿಮೆಂಟ್ ಕೆತ್ತಿಸಿ ಸುಣ್ಣ ಬಳಿಸಿ ತೋರಿಸುತ್ತೇನೆ, ನನಗೆ ಕೂಲಿ ಬೇಡ, ಮಧ್ಯಾಹ್ನದ ಊಟ ಹಾಕಿದರೆ ಸಾಕು ಅಂತ ಮ್ಯಾನೇಜರಿಗೆ ಹೇಳಿ ಬಂದಿದ್ದೇನೆ. ನನ್ನ ಫೋನ್ ನಂಬರ್ ಬರೆದುಕೊಂಡಿದ್ದಾನೆ. ಇನ್ನೂ ಫೋನ್ ಬಂದಿಲ್ಲ.

– ಒಬ್ಬ ಹಳೇ ಗಾರೆ ಮೇಸ್ತ್ರಿ, ತೀರ್ಥಹಳ್ಳಿ